ಚಿತ್ರವಿಲ್ಲದ ವೀರಗಲ್ಲು

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮಗ ಹತ್ತು ದಿನಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದ. ಏಳನೆಯ ತರಗತಿ ಮುಗಿಸಿದ ಹುಡುಗ. ಬಂದ ಮರುದಿನವೇ "ತಾತ, ವಾಕಿಂಗ್ ಹೋಗೋಣ ಬನ್ನಿ" ಎಂದು ಅವನಾಗಿಯೇ ಕರೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈಗಿನ ಮಕ್ಕಳು ಮನೆಯಿಂದ ಹೊರಗೆ ಕಾಲಿಡುವುದಿಲ್ಲವೆಂದು ಇದೇ ಪುಟದಲ್ಲಿ ಹಿಂದೊಮ್ಮೆ ಗೊಣಗಿದವನು ನಾನು! ಆದರೆ ಬೀದಿಯ ತಿರುವು ದಾಟುವಷ್ಟರಲ್ಲಿ ಗುಟ್ಟು ರಟ್ಟಾಯಿತು. ಅವನಿಗೆ ಬೇಕಾಗಿದ್ದುದು ನಾನಲ್ಲ, ನನ್ನ ಜೇಬಿನಲ್ಲಿದ್ದ ಮೊಬೈಲು. ಹಿಂದಿನ ರಾತ್ರಿಯೇ ಅದರಲ್ಲೊಂದು ಆಟವನ್ನು ಇಳಿಸಿಕೊಂಡಿದ್ದ.

ಈ ಬಗೆಯ ಆಟಗಳ ಪರಿಚಯವಿಲ್ಲದ ನನ್ನ ವಯಸ್ಸಿನ ಓದುಗ ಮಿತ್ರರಿಗಾಗಿ ಎರಡು ಮಾತು ಹೇಳಬೇಕು. ಇವನ್ನು ಕುಳಿತು ಆಡಲಾಗದು, ನಡೆದೇ ಆಡಬೇಕು. ಊರಿನ ಗುಡಿ, ಪ್ರತಿಮೆ, ಹಳೆಯ ಬಾವಿ, ಗ್ರಂಥಾಲಯಗಳೇ ಆಟದ ತಾಣಗಳು. ಹತ್ತಿರ ಹೋದಾಗ ಆ ಜಾಗದ ಛಾಯಾಚಿತ್ರವಿರುವ ಒಂದು ಚಕ್ರ ತೆರೆದುಕೊಳ್ಳುತ್ತದೆ. ಬೆರಳಿನಿಂದ ಅದನ್ನು ತಿರುಗಿಸಿದರೆ ಬಹುಮಾನಗಳು ಉದುರುತ್ತವೆ. ಆಗ ಗೂಗಲ್‌ನ ಒಳಗೇ ಇದ್ದ ನಿಯಾಂಟಿಕ್ ಎಂಬ ತಂಡ 2012ರಲ್ಲಿ 'ಇಂಗ್ರೆಸ್' ಎಂಬ ಆಟವನ್ನು ಹೊರತಂದಿತು. ಅದರ ತಾಣಗಳಲ್ಲಿ ಬಹುಪಾಲನ್ನು ಸೂಚಿಸಿದವರು, ಚಿತ್ರ ತೆಗೆದು ಕಳಿಸಿದವರು, ಹೆಸರಿಟ್ಟವರು ಆಟಗಾರರೇ. 2016ರಲ್ಲಿ ಜಗತ್ತನ್ನೇ ಬೀದಿಗಿಳಿಸಿದ 'ಪೋಕೆಮಾನ್ ಗೋ' ನಿಂತದ್ದು ಆ ತಾಣಗಳ ಮೇಲೆ. ಆ ವರ್ಷದ ಡಿಸೆಂಬರಿನಲ್ಲಿ ಅದು ಭಾರತಕ್ಕೂ ಬಂತು. ನಿಯಾಂಟಿಕ್ ಎಂಬುದು ಒಂದು ಹಡಗಿನ ಹೆಸರು. ಚಿನ್ನದ ಬೇಟೆಯ ಕಾಲದಲ್ಲಿ, 1849ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ತಿಮಿಂಗಿಲ ಬೇಟೆಯ ಆ ಹಡಗು ಅಲ್ಲಿಯೇ ಉಳಿದು, ನಗರ ಬೆಳೆದಂತೆ ಕಟ್ಟಡಗಳ ಕೆಳಗೆ ಹೂತುಹೋಯಿತಂತೆ. ಇದನ್ನು ಓದಿದಂದಿನಿಂದ ಆ ಹೆಸರು ನನ್ನ ತಲೆಯಿಂದ ಹೋಗಿಲ್ಲ.

ಇರಲಿ. ಮೊಮ್ಮಗ ಆಡುತ್ತಿದ್ದುದು ಇಂಥದೇ ಒಂದು ಆಟ; ಹೆಸರು ಮುಖ್ಯವಲ್ಲ. ಬಸ್ ನಿಲ್ದಾಣದ ಗಣೇಶನ ಗುಡಿ ಬಂತು, ಚಿತ್ರವಿತ್ತು. ಎದುರಿಗೆ ಯಾರದೋ ಸ್ಕೂಟರೂ ನಿಂತಿತ್ತು. ಗ್ರಂಥಾಲಯ ಬಂತು, ಸುಣ್ಣ ಬಳಿಯುವ ಮೊದಲಿನ ಚಿತ್ರ. ಕೆರೆಯ ಏರಿಯ ಬಳಿ ಬಂದಾಗ ಹುಡುಗ ನಿಂತ. ಇಂಗ್ಲಿಷ್ ಅಕ್ಷರಗಳಲ್ಲಿ 'ವೀರಗಲ್ಲು' ಎಂಬ ಹೆಸರು, ಅದರಡಿಯಲ್ಲಿ ಬರಿಯ ಬೂದುಬಣ್ಣದ ಚಕ್ರ. ನೆಟ್‌ವರ್ಕ್ ನಿಧಾನವಿರಬೇಕೆಂದು ಕಾದೆವು. ಉಳಿದ ಚಿತ್ರಗಳೆಲ್ಲ ಬರುತ್ತಿದ್ದವು, ಇದೊಂದು ಬರಲಿಲ್ಲ. ಹುಡುಗ ಖಾಲಿ ಚಕ್ರವನ್ನೇ ತಿರುಗಿಸಿದ, ಬಹುಮಾನಗಳು ಉದುರಿದವು. ಬಳಿಕ ತಲೆಯೆತ್ತಿ ಸುತ್ತಲೂ ನೋಡಿ ಕೇಳಿದ: "ತಾತ, ಇಲ್ಲಿ ಏನೂ ಇಲ್ಲವಲ್ಲ?"

ನಿಜ, ಏನೂ ಇರಲಿಲ್ಲ. ರಸ್ತೆ ಅಗಲಿಸಿದಾಗ ಕಲ್ಲನ್ನು ಕಿತ್ತಿದ್ದರು. ಅದನ್ನು ನಾನು ಗಮನಿಸಿಯೂ ಇರಲಿಲ್ಲ.

"ಏನಿತ್ತು ಮತ್ತೆ?"

ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದ ನಾಲಗೆ ಸುಮ್ಮನಿರುತ್ತದೆಯೆ? ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೊಯ್ಯುವ ದೃಶ್ಯ, ಮೇಲೆ ಲಿಂಗದ ಸನ್ನಿಧಿಯಲ್ಲಿ ವೀರ ಎಂದು ಆರಂಭಿಸಿದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು, ಬೆಂಗಳೂರಿನ ಹೆಸರು ಬರುವ ಬೇಗೂರಿನ ಶಾಸನವೂ ವೀರಗಲ್ಲೇ ಎಂದೆಲ್ಲ ಹೇಳಿದೆ. ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ, "ಅದು ಎಲ್ಲ ಕಲ್ಲುಗಳ ವಿಷಯ ತಾತ. ಈ ಕಲ್ಲಿನಲ್ಲಿ ಏನಿತ್ತು?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ವೀರನು ತುರುಗಳಿಗಾಗಿ ಕಾದಿದನೋ, ಹುಲಿಯೊಡನೆ ಹೋರಾಡಿದನೋ? ಅಕ್ಷರಗಳಿದ್ದವೋ, ಇಲ್ಲವೋ? ಹನ್ನೊಂದು ವರ್ಷ ಆ ಕಲ್ಲಿನ ಮುಂದೆಯೇ ಶಾಲೆಗೆ ಹೋಗಿ ಬಂದವನು ನಾನು. ಸೈಕಲ್ಲಿನ ಚೈನು ಕಳಚಿದಾಗ ಅದಕ್ಕೇ ಒರಗಿಸಿ ಸರಿಪಡಿಸಿಕೊಂಡಿದ್ದೆ. ತರಗತಿಯಲ್ಲಿ ಮಾತ್ರ ವೀರಗಲ್ಲೆಂದರೆ ಪಠ್ಯಪುಸ್ತಕದ ಚಿತ್ರವನ್ನು ತೋರಿಸಿದೆ. ಐದು ನಿಮಿಷದ ದಾರಿ. ಒಂದು ದಿನವಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನದಿಂದ ಹುಡುಕಾಟ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ನಮ್ಮ ತಾಲ್ಲೂಕಿನ ಭಾಗವನ್ನು ನೋಡಿದೆ. ಈ ಕಲ್ಲು ಕಾಣಲಿಲ್ಲ. ಅದು ಶಾಸನಗಳ ಸಂಗ್ರಹವಾದ್ದರಿಂದ ಬಹುಶಃ ಅಕ್ಷರವಿಲ್ಲದ ಕಲ್ಲಿರಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಉಳಿಸುತ್ತಿದ್ದಾರೆ. ಅಕ್ಷರವೂ ಇಲ್ಲದ ನಮ್ಮೂರಿನ ಕಲ್ಲಿಗೆ ಒಬ್ಬ ಅಪರಿಚಿತ ಆಟಗಾರ ತೆಗೆದ ಒಂದು ಚಿತ್ರವಿತ್ತು, ಅದೂ ಈಗಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿದೆ. ಒಬ್ಬನ ಬಳಿ 1998ರ ಪ್ರವಾಸಕ್ಕೆ ಹೊರಟ ದಿನದ ಗುಂಪುಚಿತ್ರ ಸಿಕ್ಕಿತು. ಅದರ ಅಂಚಿನಲ್ಲಿ ವೀರಗಲ್ಲಿದೆ, ಆದರೆ ಇಬ್ಬರು ಹುಡುಗರು ಅದರ ಮುಂದೆಯೇ ಕುಳಿತಿದ್ದಾರೆ. ಅವರ ಪಕ್ಕದಲ್ಲಿ ನಗುತ್ತ ನಿಂತವನು ನಾನು! "ಇದನ್ನು ಕಳಿಸೋಣವೇ?" ಎಂದೆ. ಬೇರೆಯವರು ತೆಗೆದ ಚಿತ್ರ ನಡೆಯದು, ಮುಖಗಳಿರಬಾರದು, ವಸ್ತು ಅಲ್ಲಿಯೇ ಇರಬೇಕು ಎಂದು ಹುಡುಗ ನಿಯಮಗಳನ್ನು ಒಪ್ಪಿಸಿದ. ಪರೀಕ್ಷೆಯಲ್ಲಿ ಮೇಲ್ವಿಚಾರಕನಾಗಿದ್ದ ನನಗೆ ಆ ಧಾಟಿ ಹೊಸದಲ್ಲ.

ಕಡೆಗೆ ಸುಳಿವು ಕೊಟ್ಟವನು ಆ ಕಾಮಗಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ್ದ ನನ್ನ ಶಿಷ್ಯನೊಬ್ಬ. "ಸಾರ್, ಒಡೆಯೋಕೆ ಮನಸ್ಸು ಬರಲಿಲ್ಲ. ಬಸವಣ್ಣನ ಗುಡಿ ಹಿಂದೆ ಇಳಿಸಿದೆ" ಎಂದ. ಗಣಿತದಲ್ಲಿ ಎರಡು ಬಾರಿ ಫೇಲಾಗಿದ್ದವನು. ನಾನು ಆಗಾಗ ಬೈದದ್ದೂ ಉಂಟು.

ಲಂಟಾನದ ಪೊದೆ ಸರಿಸಿ ನೋಡಿದರೆ ಕಲ್ಲು ಗೋಡೆಗೊರಗಿ ನಿಂತಿದೆ. ಮೇಲಿನ ಅಂತಸ್ತಿನ ಲಿಂಗ, ನಂದಿ ಸ್ಪಷ್ಟ. ನಡುವಿನ ಅಪ್ಸರೆಯರ ಮುಖ ಸವೆದಿದೆ. ಕಾಳಗದ ಅಂತಸ್ತು ಮಾತ್ರ ಮಣ್ಣಿನೊಳಗೆ. ಮೊಮ್ಮಗ ನೀರಿನ ಬಾಟಲಿ ಸುರಿದು, ಕಡ್ಡಿಯಿಂದ ಕೆದಕಿದ. ಗೇಣುದ್ದ ಮಣ್ಣು ಸರಿದಾಗ ಒಂದು ಬಾಲ ಕಾಣಿಸಿತು. ಅವನು ಹುಲಿಯದು ಎಂದ, ನಾನು ಹಸುವಿನದು ಎಂದೆ. ಚಿತ್ರ ತೆಗೆದುಕೊಂಡೆವು. ಆಟದ ತಾಣ ಕೆರೆಯ ಏರಿಯ ಮೇಲೆ, ಕಲ್ಲು ಇಲ್ಲಿ. ಆದ್ದರಿಂದ ಆ ಚಿತ್ರ ಅಲ್ಲಿಗೆ ಸಲ್ಲದು.

ಅವನು ಊರಿಗೆ ಹೊರಟ ಮೇಲೂ ದಿನವೂ ಫೋನಿನಲ್ಲಿ ಕೇಳುವುದು ಬಾಲದ ವಿಷಯವನ್ನೇ. ಗುಡಿಯ ಪೂಜಾರಿಗಳ ಒಪ್ಪಿಗೆ ದೊರೆತಿದೆ. ಬರುವ ಭಾನುವಾರ ಟ್ರ್ಯಾಕ್ಟರಿನ ಶಿಷ್ಯ ಹಾರೆ, ಹಗ್ಗ ತರುತ್ತೇನೆಂದಿದ್ದಾನೆ.