ಜಗಲಿಯ ಮೇಲಿನ ಕಂತು

ಧಾರಾವಾಹಿ ನೋಡುವುದು ಒಂದು ಸುಖ. ನೋಡಿದ್ದನ್ನು ನಾಲ್ಕು ಜನ ಕೂತು ಮಾತಾಡುವುದು ಅದಕ್ಕಿಂತ ದೊಡ್ಡ ಸುಖ. ಈ ಎರಡನೆಯದನ್ನು ನನಗೆ ಕಲಿಸಿದ ಊರು ಚೌಳಹಿರಿಯೂರು. ಹುಣಸೆಹಣ್ಣಿನ ಬೀಜ ಬಿಡಿಸುತ್ತಲೋ ಈರುಳ್ಳಿಯ ಒಣಸೊಪ್ಪು ಕತ್ತರಿಸುತ್ತಲೋ ಕೂತ ಹೆಂಗಸರ ನಡುವೆ ಇವತ್ತಿಗೂ ‘ಮಾಯಾಮೃಗ’ದ ಹೆಸರೆತ್ತಿ ನೋಡಿ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಮಾತು 25 ವರ್ಷಕ್ಕೂ ಹಿಂದಕ್ಕೆ ಹೋಗಿ ಅಲ್ಲೇ ಬೀಡುಬಿಡುತ್ತದೆ. ಯಾವ ಪಾತ್ರಕ್ಕೆ ಏನು ಅನ್ಯಾಯವಾಯಿತು, ಯಾರ ಮದುವೆ ಯಾಕೆ ತಪ್ಪಿತು, ಆ ಸೊಸೆ ಹಾಗೆ ಎದುರು ಮಾತಾಡಿದ್ದು ಸರಿಯೋ ತಪ್ಪೋ ಎನ್ನುವುದೆಲ್ಲ ನಿನ್ನೆ ಪಕ್ಕದ ಮನೆಯಲ್ಲಿ ನಡೆದದ್ದರಷ್ಟೇ ಬಿಸಿಯಾಗಿ ಚರ್ಚೆಯಾಗುತ್ತದೆ.

1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ದೂರದರ್ಶನದಲ್ಲಿ ಶುರುವಾದಾಗ ಕಡೂರು ಸೀಮೆಯ ಹಳ್ಳಿಗಳಿಗೆ ಕೇಬಲ್ ಇನ್ನೂ ಸರಿಯಾಗಿ ಕಾಲಿಟ್ಟಿರಲಿಲ್ಲ. ಹೆಂಚಿನ ಮೇಲೆ ಬಿದಿರಿನ ಗಳ, ಗಳದ ತುದಿಗೆ ಆಂಟೆನಾ. ಗಾಳಿ ಬೀಸಿದರೆ ಚಿತ್ರದ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ಒಬ್ಬ ಹುಡುಗ ಮೇಲೆ ಹತ್ತಿ ಗಳ ತಿರುಗಿಸಬೇಕು, ಒಳಗಿನಿಂದ ಒಬ್ಬರು “ಬಂತು, ಬಂತು, ಅಲ್ಲೇ ಬಿಡು, ಹೋಯ್ತು” ಎಂದು ಕೂಗಬೇಕು. ಕರೆಂಟನ್ನಂತೂ ನಂಬುವ ಹಾಗಿರಲಿಲ್ಲ. ಕಪ್ಪು-ಬಿಳುಪಿನ ಪುಟ್ಟ ಟಿ.ವಿ. ಇದ್ದ ಮನೆಯವರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸುತ್ತಿದ್ದರು, 12 ವೋಲ್ಟಿಗೇ ಅದು ಓಡುತ್ತಿತ್ತು. ಮಾರನೆಯ ದಿನ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ಮನೆಯ ಗಂಡಸರು ಗೊಣಗುತ್ತಿದ್ದರು. ಗೊಣಗಿದವರೇ ಇಳಿಹೊತ್ತಿಗೆ ಹೊಲದಿಂದ ಬೇಗ ಬಂದು ಬಾಗಿಲ ಬಳಿ ನಿಂತು, ತಾವು ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದರು.

ಬ್ಯಾಟರಿಯೂ ಕೈಕೊಟ್ಟ ದಿನಗಳಲ್ಲಿ ದೊಡ್ಡಮ್ಮ ಇದ್ದರು.

ದೊಡ್ಡಮ್ಮನ ಬಗ್ಗೆ ಹೇಳದೆ ನಮ್ಮೂರ ಧಾರಾವಾಹಿಗಳ ಕಥೆ ಹೇಳಲಿಕ್ಕಾಗದು. ಅವರ ಮನೆ ಮೇಲುಗಡೆ ಬೀದಿಯಲ್ಲಿತ್ತು. ಆ ಸಾಲಿಗೆ ಬೇರೆ ಲೈನು, ನಮಗೆ ಕತ್ತಲಾದಾಗ ಅವರಿಗೆ ಬೆಳಕಿರುತ್ತಿತ್ತು. ಧಾರಾವಾಹಿ ಮುಗಿದು, ದನಕ್ಕೆ ಮೇವು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರು ನಮ್ಮ ಜಗಲಿಗೆ ಬರುವಷ್ಟರಲ್ಲಿ ಅಲ್ಲಿ ಏಳೆಂಟು ಜನ ಕಾದಿರುತ್ತಿದ್ದರು. ಕೂತ ತಕ್ಷಣ ಅವರು ಕಥೆ ಹೇಳುತ್ತಿರಲಿಲ್ಲ. ಎಲೆಗೆ ಸುಣ್ಣ ಸವರಿ, ಮಡಿಸಿ, ದವಡೆಗೆ ಸೇರಿಸಿ, ಆಮೇಲೆ “ನಿನ್ನೆ ಎಲ್ಲಿಗೆ ನಿಂತಿತ್ತು?” ಎಂದು ನಮ್ಮನ್ನೇ ಕೇಳುವರು. ಯಾರಾದರೂ ಸರಿಯಾಗಿ ಹೇಳಿದ ಮೇಲೇ ಮುಂದಿನದು. ಅವರ ಬಾಯಲ್ಲಿ ಪಾತ್ರಗಳ ಮಾತು ಮಾತಾಗಿಯೇ ಬರುತ್ತಿತ್ತು. ‘ಅವಳು ಬೇಜಾರು ಮಾಡಿಕೊಂಡಳು’ ಎಂದು ಚಿಕ್ಕದು ಮಾಡಿ ದಾಟಿಸುವ ಅಭ್ಯಾಸ ಅವರಿಗಿರಲಿಲ್ಲ. ಅವಳು ಬಾಗಿಲ ಚಿಲಕ ಹಿಡಿದು ಎಷ್ಟು ಹೊತ್ತು ನಿಂತಳೋ ಅಷ್ಟು ಹೊತ್ತು ದೊಡ್ಡಮ್ಮನೂ ಸುಮ್ಮನಿರುತ್ತಿದ್ದರು. ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. “ಆಮೇಲೆ ಏನಂದ್ಲು ದೊಡ್ಡಮ್ಮ?” ಎಂದರೆ “ತಡಿ, ಅವಳೇ ಇನ್ನೂ ಅಂದಿಲ್ಲ” ಎನ್ನುವರು.

ಟಿ.ವಿ.ಯಲ್ಲಿ ಇಲ್ಲದ್ದನ್ನೂ ಅವರು ಸೇರಿಸುತ್ತಿದ್ದರು. ಅಪ್ಪನ ಪಾತ್ರ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರೆ, ಓದುತ್ತಿದ್ದದ್ದು ಪೇಪರನ್ನಲ್ಲ, ಮಗಳ ಲಗ್ನಕ್ಕೆ ಎಲ್ಲಿಂದ ದುಡ್ಡು ತರಲಿ ಅಂತ ಲೆಕ್ಕ ಹಾಕುತ್ತಿದ್ದ ಎಂದು ಹೇಳುವರು. ಮರುದಿನ ಕರೆಂಟಿದ್ದು ನಾವೇ ನೋಡಿದರೆ ದತ್ತಣ್ಣನವರ ಮುಖದಲ್ಲಿ ಅದೇ ಲೆಕ್ಕ ಕಾಣುತ್ತಿತ್ತು. ದತ್ತಣ್ಣ ನಮ್ಮ ನೆರೆಜಿಲ್ಲೆ ಚಿತ್ರದುರ್ಗದವರು, ವಾಯುಸೇನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದ ಮೇಲೆ ಕ್ಯಾಮರಾದ ಮುಂದೆ ನಿಂತವರು. ಏನನ್ನೂ ಮಾಡದೆ ಸುಮ್ಮನೆ ಕೂತು ಒಂದು ಮನೆಯ ಕಷ್ಟವನ್ನೆಲ್ಲ ತೋರಿಸಬಲ್ಲವರು. ಮಾಳವಿಕಾ ಅವರದು ಬೇರೆ ರೀತಿ. ಅವರು ಕಣ್ಣು ಎತ್ತಿದರೆ ಜಗಲಿಯಲ್ಲಿ ಕೂತ ಹುಡುಗಿಯರ ಬೆನ್ನು ನೆಟ್ಟಗಾಗುತ್ತಿತ್ತು. ಓದು ನಿಲ್ಲಿಸಿ ಮದುವೆ ಮಾಡುವ ಮಾತು ಬಂದಾಗ ಟಿ.ವಿ.ಯಲ್ಲಿ ಕೇಳಿದ ಧಾಟಿಯಲ್ಲೇ ಅಪ್ಪನಿಗೆ ಉತ್ತರ ಕೊಟ್ಟ ಹುಡುಗಿ ನಮ್ಮ ಬೀದಿಯಲ್ಲೇ ಇದ್ದಳು. ಅವಳು ಕಡೂರಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮುಗಿಸಿದಳು. ಅಂಥ ಮಾತು ಬರೆದವರಿಗೆ ನಾನು ಋಣಿ.

ಬರೆಯುವವರ ಬಗ್ಗೆ ಯೋಚಿಸಿದಷ್ಟೂ ನನ್ನ ಗೌರವ ಹೆಚ್ಚುತ್ತದೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕೈಗೆ ಸಿಗುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟರಲ್ಲಿ ನಿನ್ನೆಯದನ್ನು ನೆನಪಿಸಬೇಕು, ಇವತ್ತಿನದನ್ನು ನಡೆಸಬೇಕು, ನಾಳೆಗೆ ಒಂದು ಗಂಟು ಹಾಕಿಡಬೇಕು. ವಾರಕ್ಕೆ ಐದು ದಿನ, ವರ್ಷಗಳ ಕಾಲ. ಕಾದಂಬರಿಕಾರನಿಗೆ ಹಿಂದೆ ಹೋಗಿ ತಿದ್ದುವ ಅವಕಾಶವಿದೆ, ಧಾರಾವಾಹಿ ಬರೆಯುವವರಿಗೆ ಇಲ್ಲ. ಹತ್ತನೇ ಕಂತಿನಲ್ಲಿ ಆಡಿಸಿದ ಒಂದು ಮಾತನ್ನು ಇನ್ನೂರನೇ ಕಂತಿನಲ್ಲಿ ಜನ ಹಿಡಿದು ಕೇಳುತ್ತಾರೆ. ನಮ್ಮ ದೊಡ್ಡಮ್ಮನೇ ಕೇಳುತ್ತಿದ್ದರು: “ಹೋದ ವರ್ಷ ಅವನು ತಾಯಿ ಮೇಲೆ ಆಣೆ ಇಟ್ಟಿದ್ದನಲ್ಲ, ಮರೆತ್ಹೋಯ್ತಾ?”

ಸೀತಾರಾಂ ಧಾರಾವಾಹಿಗಳಲ್ಲಿ ಕಟಕಟೆಯ ದೃಶ್ಯ ಬಂತೆಂದರೆ ಗಂಡಸರೂ ಬಾಗಿಲ ಬಳಿಯ ನಾಟಕ ಬಿಟ್ಟು ಒಳಗೇ ಬಂದು ಕೂರುತ್ತಿದ್ದರು. ಸೀತಾರಾಂ ಕಾನೂನು ಓದಿದವರು, ನಾಟಕ ಬರೆದವರು, 1976ರಲ್ಲಿ ಬಂದ ಲಂಕೇಶರ ‘ಪಲ್ಲವಿ’ಯಲ್ಲಿ ನಾಯಕನಾಗಿ ನಟಿಸಿದವರು. ಕರಿಕೋಟು ತೊಟ್ಟು ವಕೀಲ ಸಿಎಸ್‌ಪಿ ಆಗಿ ಎದ್ದುನಿಂತರೆ ಈ ಮೂರೂ ವಿದ್ಯೆ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ನಮ್ಮ ಮಾವನಿಗೆ ಅಣ್ಣತಮ್ಮಂದಿರ ಪಾಲಿನ ದಾವೆ ಇತ್ತು. ಕಡೂರಿನ ಕೋರ್ಟಿಗೆ ಹೋಗುವುದು, ವಾಯಿದೆ ಹಾಕಿಸಿಕೊಂಡು ಬರುವುದು ಅವರ ಬದುಕಿನ ಒಂದು ಭಾಗವೇ ಆಗಿತ್ತು. ಸಿಎಸ್‌ಪಿಯ ಪಾಟೀಸವಾಲಿಗೆ ಅವರಷ್ಟು ಶ್ರದ್ಧೆಯ ಶ್ರೋತೃ ಇನ್ನೊಬ್ಬರಿಲ್ಲ. “ನೋಡು, ಈಗ ಸಾಕ್ಷೀನ ಮೊದಲು ಬೇರೆ ಕಡೆ ಕರ್ಕೊಂಡು ಹೋಗ್ತಾರೆ. ಅವನಿಗೆ ಧೈರ್ಯ ಬರೋ ಹಂಗೆ ನಾಲ್ಕು ಪ್ರಶ್ನೆ. ಐದನೇದು ನೋಡ್ತಿರು” ಎಂದು ಮೊದಲೇ ಹೇಳಿ, ಐದನೆಯದು ಬಂದಾಗ ತೊಡೆ ತಟ್ಟುತ್ತಿದ್ದರು. ನಿಜವಾದ ಕೋರ್ಟಿನಲ್ಲಿ ಅಷ್ಟು ಚೆನ್ನಾಗಿ ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅವರಿಗೆ ಆ ದೃಶ್ಯಗಳು ಬೇಕಾಗಿದ್ದವು. ವರ್ಷಾನುಗಟ್ಟಲೆ ವಾಯಿದೆ ತೆಗೆದುಕೊಂಡ ಮನುಷ್ಯನಿಗೆ, ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವರ ಮುಖಕ್ಕೇ ಒಬ್ಬ ವಕೀಲ ಕೇಳುವುದನ್ನು ನೋಡುವುದು ಸಣ್ಣ ಸಮಾಧಾನವಲ್ಲ.

ನನಗೆ ಇಷ್ಟವಾದ ಇನ್ನೊಂದು ಸಂಗತಿ, ಆ ಧಾರಾವಾಹಿಗಳಲ್ಲಿ ಕೆಟ್ಟವರಿಗೂ ವಾದವಿತ್ತು. ಮೋಸ ಮಾಡಿದವನು ತಾನು ಯಾಕೆ ಮಾಡಿದೆನೆಂದು ಹೇಳುತ್ತಿದ್ದ, ಕೇಳಿದರೆ ಅರೆಗಳಿಗೆ ಹೌದೆನಿಸುತ್ತಿತ್ತು. ಜಗಲಿ ಎರಡು ಪಕ್ಷವಾಗುತ್ತಿದ್ದದ್ದು ಇದರಿಂದಲೇ. ಈಗಿನ ಕೆಲವು ಧಾರಾವಾಹಿಗಳಲ್ಲಿ ಒಂದು ಮಾತಿಗೆ ಒಂದೇ ಮುಖವನ್ನು ಮೂರು ಸಲ ಸಿಡಿಲಿನ ಸದ್ದಿನೊಂದಿಗೆ ತೋರಿಸುತ್ತಾರೆ. ಅಲ್ಲಿ ಪಕ್ಷ ವಹಿಸಿ ಜಗಳವಾಡಲು ಏನೂ ಉಳಿಯುವುದಿಲ್ಲ. ಸಿಡಿಲೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟಿರುತ್ತದೆ.

2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು. ಹಿಂದೆಯೇ ಊರಿಗೆ ಕೇಬಲ್ಲು, ಆಮೇಲೆ ಡಿಶ್ಶು. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಒಂದರ ಹಿಂದೆ ಒಂದು. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲ ಮನೆ’ಯ ಉತ್ತರ ಕರ್ನಾಟಕದ ಮಾತು ನಮ್ಮ ಸೀಮೆಯ ಕಿವಿಗೆ ಹೊಸದು. ಸ್ವಲ್ಪ ದಿನ ಊರಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತಾಡಿಕೊಂಡು ಓಡಾಡಿದರು. 2010ರಲ್ಲಿ ವೈಶಾಲಿಯವರು ತೀರಿಕೊಂಡ ಸುದ್ದಿ ಬಂದ ದಿನ ಜಗಲಿಯಲ್ಲಿ ಅವರದೇ ಮಾತು. ಅವರನ್ನು ಯಾರೂ ಕಣ್ಣಾರೆ ಕಂಡವರಲ್ಲ, ಆದರೂ ಒಬ್ಬ ನೆಂಟರನ್ನು ಕಳೆದುಕೊಂಡ ಹಾಗೆ ಮಾತಾಡಿದರು.

‘ಮುಕ್ತ’ದ ಶೀರ್ಷಿಕೆ ಗೀತೆ ಕೇಳಿಸಿದರೆ ಸಾಕಿತ್ತು, ಬಾವಿಕಟ್ಟೆಯಲ್ಲಿದ್ದವರು ಕೊಡ ಅಲ್ಲೇ ಬಿಟ್ಟು ಬರುತ್ತಿದ್ದರು. ಅದನ್ನು ಬರೆದ ಎಚ್.ಎಸ್. ವೆಂಕಟೇಶಮೂರ್ತಿಯವರು ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯವರು. ಅಜ್ಜಂಪುರ ದಾಟಿ ಆ ಕಡೆ ಹೋದರೆ ಅವರ ಊರಿನ ಸೀಮೆಯೇ. ಅಲ್ಲಿಗೆ ಹೆಣ್ಣು ಕೊಟ್ಟವರೂ ತಂದವರೂ ನಮ್ಮಲ್ಲಿದ್ದಾರೆ. ಹೀಗಾಗಿ ಆ ಹಾಡಿನ ಮೇಲೆ ನಮಗೊಂದು ಹಕ್ಕಿದೆ ಎಂದು ನಮ್ಮ ಅತ್ತೆಯ ನಂಬಿಕೆ. 2025ರ ಮೇ 30ರಂದು ಎಚ್ಚೆಸ್ವಿ ಹೋದಾಗ ಅತ್ತೆ ಫೋನು ಮಾಡಿ ಬೇರೇನೂ ಹೇಳಲಿಲ್ಲ, ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಒಂದು ಪದವೂ ತಪ್ಪಲಿಲ್ಲ. ಕವಿತಾ ಸಂಕಲನಗಳು ತಲುಪದ ಅಡುಗೆಮನೆಗಳಿಗೆ ಕವಿಯೊಬ್ಬ ದಿನಾ ಹೋಗಿ ಬರುತ್ತಿದ್ದ ಕಾಲ ಅದು. ನನಗೆ ಅದು ಈಗಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕಥೆಯ ಹುಚ್ಚು ಈ ಸೀಮೆಗೆ ಟಿ.ವಿ.ಯಿಂದ ಬಂದದ್ದೇನೂ ಅಲ್ಲ. ‘ನಾನು ಕೊಂದ ಹುಡುಗಿ’ ಬರೆದ ‘ಆನಂದ’ರ ನಿಜ ಹೆಸರು ಅಜ್ಜಂಪುರ ಸೀತಾರಾಂ. ಬಾಂಧವ್ಯ ಬರೀ ಹೆಸರಿನದು, ಆದರೂ ಇಬ್ಬರು ಸೀತಾರಾಮರ ಕಥೆಗಳಿಗೆ ಕಿವಿಗೊಟ್ಟ ಸೀಮೆ ನಮ್ಮದೆಂದು ಹೇಳಿಕೊಳ್ಳಲು ನನಗೆ ಖುಷಿ.

2018ರಲ್ಲಿ ‘ಮಗಳು ಜಾನಕಿ’ ಕಲರ್ಸ್ ಸೂಪರಿನಲ್ಲಿ ಶುರುವಾದಾಗ ದೊಡ್ಡಮ್ಮ ಇರಲಿಲ್ಲ. ಅವರ ಜಾಗದಲ್ಲಿ ಅತ್ತೆ ಕೂತಿದ್ದರು. ಜಾನಕಿಯಾಗಿ ನಟಿಸಿದ ಗಾನವಿ ಲಕ್ಷ್ಮಣ್ ಚಿಕ್ಕಮಗಳೂರಿನವರು, ನಮ್ಮ ಜಿಲ್ಲೆಯ ಹುಡುಗಿ. ಜಾನಕಿಯ ಪೊಲೀಸ್ ಟೋಪಿ ಊರಿಗೇ ಸಿಕ್ಕಂತಾಯಿತು. ಕಥೆಯಲ್ಲಿ ಒಂದು ಕಡೆ ಚಂದು ಭಾರ್ಗಿ, ಇನ್ನೊಂದು ಕಡೆ ಸಿಎಸ್‌ಪಿ, ನಡುವೆ ಮಗಳು. ಎರಡು ವರ್ಷ ಆ ಬೀದಿಯಲ್ಲಿ ಬೇರೆ ಯಾರ ಮನೆಯ ಸುದ್ದಿಯೂ ಇಷ್ಟು ನಡೆಯಲಿಲ್ಲ. 2020ರಲ್ಲಿ ಕೊರೊನಾ ಬಂತು, ಚಿತ್ರೀಕರಣ ನಿಂತಿತು, ಕಥೆ ತನ್ನ ದಡ ಮುಟ್ಟುವ ಮೊದಲೇ ಧಾರಾವಾಹಿ ಮುಗಿಯಿತು. ಅತ್ತೆ ಒಂದು ವಾರ ಆ ಹೊತ್ತಿಗೆ ಟಿ.ವಿ. ಹಾಕಿ ಕೂತರು. ಆಮೇಲೆ ಕಥೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಈಗ ಚೌಳಹಿರಿಯೂರಿನಲ್ಲಿ ‘ಮಗಳು ಜಾನಕಿ’ಗೆ ಹಲವು ಮುಕ್ತಾಯಗಳಿವೆ. ನಾನು ಊರಿಗೆ ಹೋದಾಗಲೆಲ್ಲ ಒಂದೊಂದನ್ನೂ ಕೇಳಿಸಿಕೊಳ್ಳುತ್ತೇನೆ, ಸ್ವಲ್ಪ ಸ್ವಲ್ಪ ಬೆಳೆದೇ ಇರುತ್ತವೆ. ಅತ್ತೆಯ ಪ್ರಕಾರ ಜಾನಕಿ ಭಾರ್ಗಿಯನ್ನು ಕ್ಷಮಿಸುತ್ತಾಳೆ, ಆದರೆ ಮನೆಗೆ ಕರೆದುಕೊಳ್ಳುವುದಿಲ್ಲ. ಅವರ ಸೊಸೆಗೆ ಇದು ಒಪ್ಪಿಗೆಯಿಲ್ಲ: “ಪೊಲೀಸ್ ಆಗಿ ಕ್ಷಮಿಸೋಕೆ ಅವಳಿಗೇನು ಅಧಿಕಾರ ಅತ್ತೆ, ಕ್ಷಮಿಸೋದಾದ್ರೆ ರಾಜೀನಾಮೆ ಕೊಟ್ಟು ಕ್ಷಮಿಸ್ಲಿ.” ಪಾಲಿನ ದಾವೆ ಕೊನೆಗೂ ರಾಜಿಯಲ್ಲಿ ಮುಗಿಸಿಕೊಂಡು ಬಂದ ಮಾವ ಇಬ್ಬರ ಮಾತನ್ನೂ ತಳ್ಳಿಹಾಕುತ್ತಾರೆ. ಭಾರ್ಗಿ ಅಂಥವನು ಇಷ್ಟಕ್ಕೆ ಸುಮ್ಮನಿರುವವನಲ್ಲ, ಅಪೀಲಿಗೆ ಹೋಗೇ ಹೋಗಿರುತ್ತಾನೆ, ಕೇಸು ಈಗ ಹೈಕೋರ್ಟಿನಲ್ಲಿರಬೇಕು, ಸಿಎಸ್‌ಪಿಗೆ ವಯಸ್ಸಾಯಿತು, ಹಾಗಾಗಿ ವಕಾಲತ್ತು ಯಾರ ಕೈಗೆ ಹೋಗುತ್ತದೆ ಎನ್ನುವುದೇ ಈಗಿನ ಪ್ರಶ್ನೆ.