ಅಪ್ಪನ ಜೇಬಿನ ಉಳ್ಳಾಗಡ್ಡಿ

ಏಪ್ರಿಲ್ ಬಂತೆಂದರೆ ಲಾಸಲಗಾಂವ್‌ನ ರಸ್ತೆಯುದ್ದಕ್ಕೂ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಈ ಊರನ್ನು ಏಷ್ಯಾದಲ್ಲೇ ಅತಿ ದೊಡ್ಡ ಈರುಳ್ಳಿ ಪೇಟೆ ಎನ್ನುತ್ತಾರೆ. ಕೆಲಸದ ಮೇಲೆ ಇಲ್ಲಿಗೆ ಬಂದ ನಾವು, ಅವ್ವ ತೀರಿಕೊಂಡ ಮೇಲೆ ಅಪ್ಪನನ್ನೂ ವಿಜಯಪುರದಿಂದ ಕರೆತಂದೆವು. ಆಗ ಅವರಿಗೆ 76.

ಪೇಟೆಯ ಹರಾಜು ನೋಡುವುದೆಂದರೆ ಅಪ್ಪನಿಗೆ ಖುಷಿ. ಬಿಸಿಲಲ್ಲಿ ಹೋಗಬೇಡಿ ಎಂದರೆ ಅಂಗಿ ಜೇಬಿನಿಂದ ಸಣ್ಣ ಗಡ್ಡೆಯೊಂದನ್ನು ತೆಗೆದು ತೋರಿಸುತ್ತಿದ್ದರು. “ಉಳ್ಳಾಗಡ್ಡಿ ಐತಿ, ಝಳ ಬಡಿಯಂಗಿಲ್ಲ. ಬಿಜಾಪುರದ ಬಿಸಲಾಗ ಬೆಳದಾಂವ ನಾ ತಮ್ಮಾ, ಈ ನಾಸಿಕದ ಬಿಸಲಿಗೆ ಅಂಜಲೇನು?” ಈ ನಂಬಿಕೆ ಇಲ್ಲಿಯವರಲ್ಲೂ ಇದೆ. ಹಾಗಾಗಿ ಪಕ್ಕದ ಮನೆಯ ಆಜಿಯೂ ಅಪ್ಪನ ಪರ.

ನಾನು ಹೆದರಿದ್ದು ಪೇಟೆಯ ಬಿಸಿಲಿಗೆ. ಅನಾಹುತ ಆದದ್ದು ಮನೆಯೊಳಗೆ.

ಆ ಮೇ ತಿಂಗಳಲ್ಲಿ ಮೂರು ದಿನ ರಾತ್ರಿಯೂ ಸೆಕೆ ಇಳಿದಿರಲಿಲ್ಲ. ಮೇಲಿನ ತಗಡಿನ ಕೋಣೆ ಅಪ್ಪನದು. ನಾಲ್ಕನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಸಂಜೆ ನಾನು ಬಂದಾಗ ಮಂಚದ ಮೇಲೆ ಕೂತಿದ್ದ ಅಪ್ಪ, “ನಿಮ್ಮವ್ವ ಎಲ್ಲಿ ಹೋದ್ಳು?” ಎಂದು ಕೇಳಿದರು. ಮಾತು ತೊದಲುತ್ತಿತ್ತು. ಮೈ ಮುಟ್ಟಿದರೆ ಕಾದ ಹಂಚು. ಆಜಿ ಓಡಿಬಂದು ಅವರ ಮೈಮೇಲೆ ನೀರು ಸುರಿದರು, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸಣಿಗೆ ಹಿಡಿದರು. ನಾನು ಗಾಡಿ ತಂದೆ. ಅಪ್ಪ ಉಳಿದರು.

ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಮಾತ್ರೆ ತಗೋತಾರೆ? ನೀರು ಎಷ್ಟು ಕುಡೀತಾರೆ? ಎಲ್ಲಿ ಮಲಗ್ತಾರೆ? ಒಂದಕ್ಕೂ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿತ್ತು. ಇನ್ನು ನೀರು. ರಾತ್ರಿ ಎದ್ದು ಕತ್ತಲಲ್ಲಿ ಮೆಟ್ಟಿಲಿಳಿದು ಬಚ್ಚಲಿಗೆ ಹೋಗುವುದು ಬೇಡವೆಂದು, ಮಧ್ಯಾಹ್ನದಿಂದಲೇ ಅವರು ನೀರು ಕುಡಿಯುವುದನ್ನು ಬಿಟ್ಟಿದ್ದರಂತೆ! ಇದನ್ನು ನನಗೆ ಹೇಳಲು ಅವರಿಗೆ ಸಂಕೋಚ. “ನೀರಡಿಕಿ ಆಗಿಲ್ಲ” ಎಂದಷ್ಟೇ ಅನ್ನುತ್ತಿದ್ದರು.

ಅದೂ ಪೂರ್ತಿ ಸುಳ್ಳಲ್ಲ ಎಂದರು ಡಾಕ್ಟರು. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಬೆವರುವುದು ಕಡಿಮೆಯಾಗುತ್ತದೆ. ಮೈ ತಂಪಾಗಲು ಚರ್ಮಕ್ಕೆ ಹೆಚ್ಚು ರಕ್ತ ಹರಿಸಬೇಕಾದ ಹೃದಯಕ್ಕೂ ದಣಿವು. ನೀರು ಬೇಕೆಂದು ದೇಹ ಹೇಳುವುದೇ ಇಲ್ಲ. ಬೇಕಾ ಎಂದು ನಾವು ಕೇಳಿದರೆ ಬೇಡ ಎಂಬ ಉತ್ತರವೇ ಬರುತ್ತದೆ.

ಈ ಊರಲ್ಲಿ ಈರುಳ್ಳಿ ಕೆಡದಿರಲೆಂದು ‘ಕಾಂದಾ ಚಾಳ್’ ಕಟ್ಟುತ್ತಾರೆ. ನೆಲದಿಂದ ಎತ್ತರಕ್ಕೆ, ಸಂದಿ ಬಿಟ್ಟು ಪಟ್ಟಿ ಹೊಡೆದು, ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಆಡುವಂತೆ. ಅದನ್ನು ದಿನಾ ನೋಡುತ್ತಿದ್ದ ನಾನು ಅಪ್ಪನನ್ನು ಗಾಳಿಯಿಲ್ಲದ ತಗಡಿನ ಕೆಳಗೆ ಮಲಗಿಸಿದ್ದೆ.

ಮರುವಾರವೇ ಅಪ್ಪನ ಮಂಚ ಕೆಳಗಿಳಿಯಿತು. ರಾತ್ರಿಗೆ ಮಂಚದ ಪಕ್ಕ ಪಾಟ್ ಇಟ್ಟೆವು. ತಗಡಿಗೆ ಸುಣ್ಣ ಬಳಿದೆವು. ಹೊರಗಿನ ಗಾಳಿ ಕಾದಿರುವಷ್ಟು ಹೊತ್ತು ಕಿಟಕಿ ಮುಚ್ಚಿ ಪರದೆ, ತಂಪಾದ ಮೇಲೆ ತೆರೆಯುವುದು. ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ, ಆಗ ಒದ್ದೆ ಬಟ್ಟೆಯಲ್ಲಿ ಮೈ ಒರೆಸಬೇಕು. ದಿನಕ್ಕೆ ಎಷ್ಟು ನೀರು ಎಂದು ಡಾಕ್ಟರರನ್ನೇ ಕೇಳಿಕೊಂಡೆವು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ಮಾತ್ರೆಯನ್ನೂ ನಾವಾಗಿ ನಿಲ್ಲಿಸಲಿಲ್ಲ, ಅವರೇ ಬದಲಿಸಿದರು. ಈಗ ನನ್ನ ಹೆಂಡತಿ “ಮಾವಾ, ನೀರು ಬೇಕಾ?” ಎಂದು ಕೇಳುವುದಿಲ್ಲ. ತಾಸಿಗೊಮ್ಮೆ ಲೋಟ ಕೈಗೇ ಕೊಡುತ್ತಾಳೆ, ಒಮ್ಮೆ ನೀರು, ಒಮ್ಮೆ ಮಜ್ಜಿಗೆ.

ಬಿಸಿಲು ನಮಗೆ ಹೊಸದಲ್ಲ ಎಂಬ ಧೈರ್ಯ ನಮ್ಮ ಕಡೆಯವರಿಗೆ ಜಾಸ್ತಿ. ಆದರೆ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ ಮುಚ್ಚುವ ಪದ್ಧತಿ ಇರುವುದು ಇದೇ ಬಿಸಿಲಿಗಾಗಿ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಯಲಲ್ಲಿ ಕೂತವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಾಘಾತದಿಂದ ತೀರಿಕೊಂಡರು. ಅಂದು ಅಲ್ಲಿ ಪಾರ 40 ದಾಟಿರಲಿಲ್ಲ.

ಮುಂಬೈ, ಪುಣೆ, ದೆಹಲಿಯಲ್ಲಿ ಕೂತು ಊರಿಗೆ ಫೋನ್ ಮಾಡುವವರಿಗೆ ನನ್ನದೊಂದು ಮಾತು. “ಊಟ ಆಯ್ತಾ?” ಜೊತೆಗೆ ಇನ್ನೆರಡು ಕೇಳಿ: ಎಲ್ಲಿ ಮಲಗಿದ್ರಿ, ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದ್ರಿ? ಪಕ್ಕದ ಮನೆಯವರ ನಂಬರ್ ನಿಮ್ಮ ಬಳಿ ಇರಲಿ. ಫೋನಲ್ಲಿ ಮಾತು ತಡವರಿಸಿದರೆ, ಸಂಬಂಧವಿಲ್ಲದ್ದು ಬಂದರೆ, ವಯಸ್ಸಿನ ಮರೆವು ಎನ್ನಬೇಡಿ. ಪಕ್ಕದವರನ್ನು ಕಳಿಸಿ, 108ಕ್ಕೆ ಕರೆ ಮಾಡಲು ಅವರಿಗೇ ಹೇಳಿ. ಆಂಬುಲೆನ್ಸ್ ಬರುವ ತನಕ ಮೈ ತಂಪು ಮಾಡಲು ಹೇಳಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬಾರದು.

ಅಪ್ಪ ಈಗಲೂ ಪೇಟೆಗೆ ಹೋಗುತ್ತಾರೆ. ಬೆಳಿಗ್ಗೆ ಹೋಗಿ ಹತ್ತರೊಳಗೆ ವಾಪಸು ಎಂಬ ಒಪ್ಪಂದ. ಜೇಬಿನ ಉಳ್ಳಾಗಡ್ಡಿಗೆ ನಾನು ತಕರಾರು ಮಾಡುವುದಿಲ್ಲ. ಕೈಯಲ್ಲಿ ನೀರಿನ ಬಾಟಲಿ ಇದೆಯಾ ಎಂದಷ್ಟೇ ನೋಡುತ್ತೇನೆ.