ನಂಗಲಿಯ ಗಡಿಯಲ್ಲಿ ಕ್ರಿಕೆಟ್ಟಿನ ಚೈತ್ರ

ಮುಳಬಾಗಿಲಿನ ಪೇಟೆಯನ್ನು ಹಿಂದಕ್ಕೆ ಬಿಟ್ಟು ಪೂರ್ವದಿಕ್ಕಿಗೆ ಹೊರಟ ಪ್ರಯಾಣಿಕನಿಗೆ ಕರ್ನಾಟಕವು ಮುಗಿಯುತ್ತ ಬಂದಿತೆಂಬ ಸುದ್ದಿಯನ್ನು ಮೊದಲು ತಿಳಿಸುವುದು ಕಣ್ಣಲ್ಲ, ಕಿವಿ. ಎರಡೂ ಬದಿಗೆ ಅವೇ ಬೋಳುಬಂಡೆಯ ಗುಡ್ಡಗಳು, ಅವೇ ಕೆರೆಯ ಏರಿಗಳು, ಕೋಲುಗಳಿಗೆ ಹಬ್ಬಿಸಿದ ಟೊಮೇಟೊ ಗಿಡಗಳ ಅವೇ ಸಾಲುಗಳು. ಮಾತು ಮಾತ್ರ ಬೇರೆ. ಬಸ್ಸಿನಲ್ಲಿ ಪಕ್ಕದವನ ವಾಕ್ಯವೊಂದು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ನಿಲ್ಲುತ್ತದೆ. ಉತ್ತರವು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಯುತ್ತದೆ. ಕೇಳುವವರಾರಿಗೂ ಅದರಲ್ಲಿ ಅಚ್ಚರಿಯಿಲ್ಲ. ಹೆದ್ದಾರಿಯ ಲಾರಿಗಳ ಸಾಲು ಪಲಮನೇರಿನ ಕಡೆಗೆ ಇಳಿಯುವ ಮುನ್ನ ದೊರೆಯುವ ಕನ್ನಡನಾಡಿನ ಕೊನೆಯ ದೊಡ್ಡ ಊರೇ ನಂಗಲಿ.

ಎಲ್ಲೆಯೆಂಬುದು ಈ ಊರಿಗೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಮೇರೆಗಳನ್ನು ಹೇಳುವ ಶಾಸನಗಳು ದಕ್ಷಿಣಕ್ಕೆ ಕೊಂಗು, ಚೇರ, ಆನೆಮಲೆಗಳನ್ನೂ ಪಶ್ಚಿಮಕ್ಕೆ ಬಾರಕನೂರಿನ ಘಟ್ಟವನ್ನೂ ಹೆಸರಿಸಿ, ಪೂರ್ವದ ಮೇರೆಯಾಗಿ ನಂಗಲಿಯ ಘಟ್ಟವನ್ನು ಎಣಿಸುತ್ತವೆ. ನೆರೆಯ ಮುಳಬಾಗಿಲು ಕೂಡ ಮೂಡಣ ಬಾಗಿಲೇ. ಹನ್ನೆರಡನೆಯ ಶತಮಾನದಿಂದಲೂ ಗೆರೆಯ ಮೇಲೆ ಬಾಳುತ್ತ ಬಂದ ಊರಿದು. ಆದುದರಿಂದಲೇ ಇರಬೇಕು, ಗೆರೆಯ ಆಚೆಗೋ ಈಚೆಗೋ ಎಂಬ ಜಗಳ ಇಲ್ಲಿ ಬಹು ಸೊಗಸಾಗಿ ನಡೆಯುತ್ತದೆ. ಇಂದಿನ ಜಗಳಕ್ಕೆ ಕಾರಣ ರಾಜರಲ್ಲ, ಕ್ರಿಕೆಟ್ಟು.

ಬೇವುಬೆಲ್ಲದ ಕಾಲ

ಐಪಿಎಲ್ ಪಂದ್ಯಗಳು ಸಾಮಾನ್ಯವಾಗಿ ಆರಂಭವಾಗುವುದು ಯುಗಾದಿಯ ಆಸುಪಾಸಿನಲ್ಲಿ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಹೂವು ಉದುರಿ ಈಚುಗಾಯಿ ನಿಲ್ಲುವ ಸಮಯವದು. ಹೂವೆಲ್ಲ ಕಾಯಾಗದು, ಕಾಯೆಲ್ಲ ಹಣ್ಣಾಗದು ಎಂಬುದನ್ನು ಈ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಆ ದಿನಗಳಲ್ಲಿ ಚಹದಂಗಡಿಯ ಬೆಂಚಿನ ಮೇಲೆ ಕುಳಿತವರ ಮಾತು ಕೇಳಿದರೆ, ಬೆಂಗಳೂರಿನ ತಂಡಕ್ಕೆ ಮಾತ್ರ ಹೂವೆಲ್ಲವೂ ಹಣ್ಣಾಗುವುದು ಖಂಡಿತವೆಂದು ತೋರುತ್ತದೆ.

“ಈ ಸಲ ಬೌಲಿಂಗು ಸರಿಯಾಗೈತೆ, ನೋಡಣ್ಣ.”

“ಹೋದ ಸಲಾನೂ ಹಿಂಗೇ ಅಂದಿದ್ದೆ ಕಣಪ್ಪ.”

ಅಣ್ಣನ ಈ ಉತ್ತರದಲ್ಲಿ ಇತಿಹಾಸವೇ ಅಡಗಿದೆ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದುದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬನೇ ಔಟಾಗದೆ 158 ರನ್ ಹೊಡೆದ; ಬೆಂಗಳೂರಿನ ಇಡೀ ತಂಡ ಸೇರಿ ಗಳಿಸಿದ್ದು 82. ಮುಂದೆ ಮೂರು ಬಾರಿ ಫೈನಲ್ ತಲುಪಿ ಮೂರು ಬಾರಿಯೂ ಸೋತದ್ದಾಯಿತು. ಆ ಮೂರೂ ಸೋಲುಗಳು ನೆರೆಹೊರೆಯವರಿಂದಲೇ ಬಂದವು. 2009ರಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್, 2011ರಲ್ಲಿ ಚೆನ್ನೈ, 2016ರಲ್ಲಿ ಮತ್ತೆ ಹೈದರಾಬಾದಿನ ಸನ್‌ರೈಸರ್ಸ್. ಬೆಂಗಳೂರಿನ ಬಡಾವಣೆಯಲ್ಲಿ ಕುಳಿತವನಿಗೆ ಇದು ಕೇವಲ ಸೋಲು. ನಂಗಲಿಯವನಿಗಾದರೋ ಚೆನ್ನೈಯ ಬಸ್ಸು ದಿನವೂ ಮನೆಯ ಮುಂದೆಯೇ ಹಾಯುತ್ತದೆ. ಗಡಿಯಾಚೆಯ ಹಳ್ಳಿಯಲ್ಲಿ ಹೆಣ್ಣು ಕೊಟ್ಟ ಮಾವನೋ ಸೋದರಳಿಯನೋ ಇದ್ದೇ ಇರುತ್ತಾನೆ. ಆಂಧ್ರಪ್ರದೇಶಕ್ಕೆ ತನ್ನದೇ ಎಂಬ ತಂಡವಿಲ್ಲ. ಆದುದರಿಂದ ಅಲ್ಲಿಯವರಲ್ಲಿ ಕೆಲವರು ಹಳದಿ ಅಂಗಿ, ಕೆಲವರು ಕಿತ್ತಳೆ ಅಂಗಿ. ಸೋತ ಮರುದಿನ ಬೀಗರ ದೂರವಾಣಿ ಬಂದರೆ, ಕುಶಲಪ್ರಶ್ನೆಯ ಹಿಂದಿರುವ ನಗೆಯನ್ನು ಸಹಿಸಿಕೊಳ್ಳಬೇಕು.

ಬಯಲಿನ ನ್ಯಾಯ

ದೂರದರ್ಶನದ ಆಟ ರಾತ್ರಿಗೆ. ಹಗಲಿನಲ್ಲಿ ಊರ ಹುಡುಗರದೇ ಆಟ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳ, ಕೊಯ್ಲಾದ ಹೊಲ, ಶಾಲೆಯ ಬಯಲು, ಇವೆಲ್ಲ ಈ ಸೀಮೆಯ ಕ್ರೀಡಾಂಗಣಗಳು. ಟೆನ್ನಿಸ್ ಚೆಂಡು, ಮೂರು ಕಡ್ಡಿ, ಇನ್ನೊಂದು ತುದಿಯಲ್ಲಿ ವಿಕೆಟ್ಟಿನ ಬದಲು ಒಂದು ಕಲ್ಲು. ಇಲ್ಲಿಯ ಕಾನೂನುಗಳನ್ನು ಯಾವ ಪುಸ್ತಕದಲ್ಲಿಯೂ ಅಚ್ಚು ಹಾಕಿಸಿಲ್ಲ. ಚೆಂಡು ಬಾವಿಗೆ ಬಿದ್ದರೆ ಹೊಡೆದವನೇ ತರಬೇಕು. ಎಲ್‌ಬಿಡಬ್ಲ್ಯು ಎಂಬುದಿಲ್ಲ, ಏಕೆಂದರೆ ಅದನ್ನು ಕೊಡುವ ಧೈರ್ಯ ಯಾವ ಅಂಪೈರಿಗೂ ಇಲ್ಲ.

ಅಂಪೈರಾಗುವವನು ಬ್ಯಾಟಿಂಗ್ ತಂಡದವನೇ, ಔಟಾಗಿ ಬಂದವನು ಅಥವಾ ಸರದಿಗಾಗಿ ಕಾಯುತ್ತಿರುವವನು. ತನ್ನವರ ವಿರುದ್ಧ ತೀರ್ಪು ಕೊಟ್ಟರೆ ಸಂಜೆ ಮನೆಗೆ ಜೊತೆಯಲ್ಲಿ ನಡೆಯುವವರಿಲ್ಲ. ಪರವಾಗಿ ಕೊಟ್ಟರೆ ಎದುರಿನವರು ಚೆಂಡನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. ಹತ್ತು ವರ್ಷದ ಬಾಲಕನಿಗೆ ನ್ಯಾಯಾಧೀಶನ ಸಂಕಟದ ಪರಿಚಯವಾಗುವುದು ಇಲ್ಲಿಯೇ. ಹಾಗಿದ್ದೂ ಹತ್ತರಲ್ಲಿ ಎಂಟು ತೀರ್ಪುಗಳನ್ನು ಇಬ್ಬರೂ ಗೊಣಗಿಕೊಂಡೇ ಒಪ್ಪುತ್ತಾರೆ. ಒಪ್ಪದಿದ್ದರೆ ಆಟವಿಲ್ಲವೆಂಬುದು ಇಬ್ಬರಿಗೂ ಗೊತ್ತು.

ಕನ್ನಡನಾಡು ಒಳ್ಳೆಯ ಅಂಪೈರುಗಳನ್ನೂ ಕಂಡಿದೆ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ಅನಿಲ್ ಕುಂಬ್ಳೆ ಒಬ್ಬರೇ ಉರುಳಿಸಿದರಷ್ಟೆ. ಆ ಪಂದ್ಯದ ಇಬ್ಬರು ಅಂಪೈರುಗಳಲ್ಲಿ ಎ.ವಿ. ಜಯಪ್ರಕಾಶ್ ಕರ್ನಾಟಕದವರು. ಕುಂಬ್ಳೆಯ ಹೆಸರು ಮನೆಮನೆಗೆ ತಲುಪಿತು. ಬೆರಳೆತ್ತಿದವರ ಹೆಸರು ಎಷ್ಟು ಜನರ ನೆನಪಿನಲ್ಲಿದೆ? ಸರಿಯಾದ ತೀರ್ಪನ್ನು ಯಾರೂ ನೆನಪಿಡುವುದಿಲ್ಲ, ತಪ್ಪಿದ್ದನ್ನು ಯಾರೂ ಮರೆಯುವುದಿಲ್ಲ.

ಕಾಣದೆ ಹೋದ ಗೆರೆ

ಹಾಗೆ ಮರೆಯಲಾಗದ ರಾತ್ರಿ 2019ರ ಮಾರ್ಚ್ 28ರದು. ಆ ಋತುವಿನಲ್ಲಿ ಬೆಂಗಳೂರಿಗೆ ಎರಡನೆಯ ಪಂದ್ಯ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬಯಿಯ 187 ರನ್ನುಗಳನ್ನು ಬೆನ್ನಟ್ಟಿದ ಬೆಂಗಳೂರಿಗೆ ಕೊನೆಯ ಚೆಂಡಿನಲ್ಲಿ ಏಳು ರನ್ ಬೇಕಾಗಿತ್ತು. ಬೌಲರ್ ಲಸಿತ್ ಮಾಲಿಂಗ; ಎದುರಿಗೆ ಶಿವಂ ದುಬೆ; ಇನ್ನೊಂದು ತುದಿಯಲ್ಲಿ 70 ರನ್ ಗಳಿಸಿ ನಿಂತಿದ್ದ ಎ.ಬಿ. ಡಿವಿಲಿಯರ್ಸ್. ಚೆಂಡು ಬಂತು, ರನ್ ಬರಲಿಲ್ಲ, ಆರು ರನ್ನುಗಳ ಸೋಲಾಯಿತು. ಆಟಗಾರರು ಕೈಕುಲುಕುತ್ತಿದ್ದಂತೆ ದೊಡ್ಡ ತೆರೆಯ ಮೇಲೆ ಮಾಲಿಂಗನ ಕಾಲು ಮೂಡಿತು. ಪಾದವಿಡೀ ಗೆರೆಯ ಆಚೆಗಿತ್ತು. ನೋಬಾಲ್ ಎಂದು ಕೂಗಿದ್ದರೆ ಒಂದು ರನ್ ಸೇರಿ, ಉಳಿದ ಆರಕ್ಕೆ ಫ್ರೀಹಿಟ್ಟಿನ ಚೆಂಡೊಂದು ಸಿಗುತ್ತಿತ್ತು. ಯಾರೂ ಕೂಗಲಿಲ್ಲ.

ಅಂಪೈರಿನ ಕಷ್ಟವೂ ಸಣ್ಣದಲ್ಲ. ತನ್ನ ಕಾಲಬಳಿ ಬೀಳುವ ಬೌಲರನ ಪಾದವನ್ನು ನೋಡಿ, ಆ ಕ್ಷಣವೇ ತಲೆಯೆತ್ತಿ, ಇಪ್ಪತ್ತೆರಡು ಗಜದಾಚೆಯ ಬ್ಯಾಟನ್ನು ನೋಡಬೇಕು. ವೇಗದ ಚೆಂಡು ಆ ದೂರವನ್ನು ಅರ್ಧ ಸೆಕೆಂಡಿನಷ್ಟರಲ್ಲಿ ದಾಟಿಬಿಡುತ್ತದೆ. ಮನುಷ್ಯನ ಕಣ್ಣಿಗೆ ಇದು ಮಿತಿಮೀರಿದ ಹೊರೆ. ಅದೇ ವರ್ಷದ ಡಿಸೆಂಬರಿನಲ್ಲಿ, ಭಾರತ ಮತ್ತು ವೆಸ್ಟ್ ಇಂಡೀಸ್ ತಂಡಗಳ ಪಂದ್ಯಗಳಲ್ಲಿ, ಮುಂಗಾಲಿನ ನೋಬಾಲನ್ನು ದೂರದರ್ಶನದ ಮುಂದೆ ಕುಳಿತ ಮೂರನೆಯ ಅಂಪೈರು ನೋಡುವ ಪ್ರಯೋಗ ನಡೆಯಿತು. 2020ರಲ್ಲಿ ಐಪಿಎಲ್‌ಗೂ ಅದು ಬಂತು. ಅಭಿಮಾನಿಗೆ ಆ ಸುಧಾರಣೆಯಿಂದ ಬಂದ ಸಮಾಧಾನ ಅಷ್ಟಕ್ಕಷ್ಟೆ. 2019ರಲ್ಲಿ ತಂಡವು ಮೊದಲ ಆರು ಪಂದ್ಯಗಳನ್ನೂ ಸೋತು, ಕೊನೆಗೆ ಪಟ್ಟಿಯ ಕಟ್ಟಕಡೆಯಲ್ಲಿ ನಿಂತಿತು.

ಯಂತ್ರ ಬಂದ ಮೇಲೆಯೂ ಜಗಳ ತೀರಲಿಲ್ಲ. 2024ರ ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ಸೊಂಟದೆತ್ತರಕ್ಕೆ ಬಂದಂತೆ ತೋರಿದ ಚೆಂಡಿಗೆ ವಿರಾಟ್ ಕೊಹ್ಲಿ ಕ್ಯಾಚ್ ಕೊಟ್ಟರು. ಕ್ರೀಸಿನಲ್ಲಿ ನೇರವಾಗಿ ನಿಂತಿದ್ದರೆ ಚೆಂಡು ಸೊಂಟದ ಕೆಳಗೇ ಹಾಯುತ್ತಿತ್ತೆಂದು ಯಂತ್ರ ಲೆಕ್ಕ ಹಾಕಿತು, ಔಟು. ಪಂದ್ಯ ಸೋತದ್ದು ಒಂದೇ ರನ್ನಿನಿಂದ. ಎಂಟು ಪಂದ್ಯಗಳಲ್ಲಿ ಅದು ಏಳನೆಯ ಸೋಲು. ಸಂತೆಯ ಲೆಕ್ಕದಲ್ಲಿ ಅಲ್ಲಿಗೆ ಬಂಡವಾಳ ಮುಳುಗಿದಂತೆಯೇ. ಆದರೆ ಮುಂದಿನ ಆರು ಪಂದ್ಯಗಳನ್ನು ಸತತವಾಗಿ ಗೆದ್ದು, ಕೊನೆಯದರಲ್ಲಿ ಚೆನ್ನೈಯನ್ನೇ ಹಿಂದೆ ತಳ್ಳಿ, ತಂಡವು ಅಂತಿಮ ನಾಲ್ಕರೊಳಗೆ ನಡೆಯಿತು. ಕಪ್ಪು ಮಾತ್ರ ಬರಲಿಲ್ಲ. ಬೆಲೆ ಬಿದ್ದಾಗ ರಸ್ತೆಬದಿಗೆ ಟೊಮೇಟೊ ಸುರಿದು ಬಂದು, ಮುಂದಿನ ಹದಕ್ಕೆ ಮತ್ತೆ ಟೊಮೇಟೊ ಸಸಿಯನ್ನೇ ನೆಡುವ ಜನಕ್ಕೆ ಇಂಥ ಹಟ ಅರ್ಥವಾಗದ್ದೇನಲ್ಲ.

ಕಪ್ಪು ಬಂದಾಗ

2024ರ ಮಾರ್ಚಿಯಲ್ಲಿಯೇ ಬೆಂಗಳೂರಿನ ಮಹಿಳಾ ತಂಡ ಕಪ್ಪು ಗೆದ್ದಿತ್ತು. ಅಣ್ಣಂದಿರಿಗಾಗದ್ದನ್ನು ಅಕ್ಕಂದಿರು ಮಾಡಿದರೆಂದು ಮನೆಮನೆಯ ಹೆಣ್ಣುಮಕ್ಕಳು ಆಡಿಕೊಂಡರು. 2025ರ ಋತು ಆರಂಭವಾದಾಗ ಹಿರಿಯರು ಎಂದಿನಂತೆ ಬಾಯಿ ಬಿಗಿದುಕೊಂಡಿದ್ದರು. ಮೊದಲ ಪಂದ್ಯ ಗೆದ್ದಾಗಲೂ ಮಾತಿಲ್ಲ. ಮಾರ್ಚ್ 28ರಂದು ಚೆನ್ನೈಯ ನೆಲದಲ್ಲಿಯೇ ಚೆನ್ನೈಯನ್ನು 50 ರನ್ನುಗಳಿಂದ ಸೋಲಿಸಿದಾಗ ಬಾಯಿ ಬಿಚ್ಚದವರಾರು? 2008ರ ನಂತರ ಅಲ್ಲಿ ಅದೇ ಮೊದಲ ಗೆಲುವು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಮಣಿಸಿ, ಹದಿನೆಂಟನೆಯ ಋತುವಿನಲ್ಲಿ ಕಪ್ಪು ಕೈಸೇರಿತು. “ಈ ಸಲ ಕಪ್ ನಮ್ದೇ” ಎಂಬ ಮಾತು ಕೊನೆಗೂ ನಿಜವಾಯಿತು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತವಾಗಿ ಹನ್ನೊಂದು ಜನ ಮಡಿದರು. ಅವರಲ್ಲಿ ಬಹುಪಾಲು ಎಳೆಯ ವಯಸ್ಸಿನವರು. ತಂಡದ ಸೋಲುಗಳನ್ನು ನೋಡುತ್ತಲೇ ಬೆಳೆದವರು, ಗೆಲುವನ್ನೊಮ್ಮೆ ಹತ್ತಿರದಿಂದ ನೋಡಲೆಂದು ಹೋದವರು. ನಂಗಲಿಯಿಂದ ಆ ಬಾಗಿಲಿಗೆ ಒಂದು ಬಸ್ಸಿನ ದಾರಿ ಮಾತ್ರ. ಆ ರಾತ್ರಿ ಊರೂರುಗಳಲ್ಲಿ ಎಷ್ಟು ತಾಯಂದಿರು ಮಗನ ದೂರವಾಣಿಗೆ ಮತ್ತೆ ಮತ್ತೆ ಕರೆ ಮಾಡಿರಬೇಕು! ಆಟದಲ್ಲಿ ತಪ್ಪಿದ ತೀರ್ಪನ್ನು ಮುಂದಿನ ಋತು ಸರಿಪಡಿಸೀತು. ಇಲ್ಲಿ ತಪ್ಪಿದ್ದಕ್ಕೆ ಮುಂದಿನ ಋತುವಿಲ್ಲ. ಅಭಿಮಾನವನ್ನು ಕರೆದವರು ಅದನ್ನು ಕಾಯಲೂಬೇಕಲ್ಲವೆ?

ನಂಗಲಿಯ ಬಯಲಿನಲ್ಲಿ ಈಗಲೂ ಬೇಸಗೆಯ ಸಂಜೆಗಳಲ್ಲಿ ಆಟ ನಡೆಯುತ್ತದೆ. ಹೆದ್ದಾರಿಯ ಲಾರಿಗಳು ದೀಪ ಹೊತ್ತಿಸುವ ಹೊತ್ತಿಗೆ ಜಗಳವೊಂದು ಏಳುತ್ತದೆ. ಬೌಲರನ ಕಾಲು ಗೆರೆ ದಾಟಿತೆಂದು ಒಬ್ಬ, ಗೆರೆಯೇ ಅಳಿಸಿಹೋಗಿದೆಯೆಂದು ಇನ್ನೊಬ್ಬ. ಕನ್ನಡದಲ್ಲಿ ಅರ್ಧ, ತೆಲುಗಿನಲ್ಲಿ ಅರ್ಧ. ಕೊನೆಗೆ ಅಂಪೈರಾದ ಚಿಕ್ಕ ಹುಡುಗ ಮುಂದೆ ಬಂದು, ಹಿಮ್ಮಡಿಯಿಂದ ಮಣ್ಣಿನಲ್ಲಿ ಮತ್ತೊಂದು ಗೆರೆ ಎಳೆಯುತ್ತಾನೆ. ಆ ಚೆಂಡನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಎಸೆಯಲು ಹೇಳುತ್ತಾನೆ. ಬೌಲರ್ ಗೊಣಗುತ್ತಲೇ ಓಡಿಬರಲು ಹಿಂದಕ್ಕೆ ನಡೆಯುತ್ತಾನೆ.